ಗುರವ್ವನ ಗಿರಣಿಗೆ ನಾನು ಕತ್ತರಿ ಹಾಕಿದ್ದು

"ಇನ್ನು ಮುಂದೆ ನಮ್ಮ ಗಿರಣಿಯ ಇಂಜಿನ್ನನ್ನು ಯಾವ ಮಿಸ್ತ್ರಿಯೂ ಮುಟ್ಟಕೂಡದು. ರಿಪೇರಿ ನನ್ನದೇ!"

೧೯೭೪ರಲ್ಲಿ, ಪಂಚಮಿಗೆ ನಾಲ್ಕು ದಿನ ಇದ್ದಾಗ, ಮನಗೂಳಿಯ ವಿಜ್ಞಾನದ ಮಾಸ್ತರನಾದ ನಾನು ಹೀಗೆ ಘೋಷಿಸಿದೆ. 'ನಮ್ಮ' ಗಿರಣಿ ಅಂದದ್ದೇ ಮೊದಲ ತಪ್ಪು. ಅದು ನನ್ನ ಹೆಂಡತಿ ಗುರವ್ವನದು. ಅವಳಪ್ಪ ಕೊಟ್ಟದ್ದು, ಅವಳೇ ನಡೆಸುತ್ತಿದ್ದದ್ದು.

ಡೀಸೆಲ್ ಇಂಜಿನ್ನಿನ ಗ್ಯಾಸ್ಕೆಟ್ಟು ಸುಟ್ಟು ನೀರು ಸೋರುತ್ತಿತ್ತು. ಬಾಗೇವಾಡಿಯ ಮಿಸ್ತ್ರಿ ಅಬ್ದುಲರಜಾಕ ತಂಗಿಯ ಲಗ್ನಕ್ಕೆ ಮುದ್ದೇಬಿಹಾಳಕ್ಕೆ ಹೋಗಿದ್ದ. ಹೊಸ ಗ್ಯಾಸ್ಕೆಟ್ಟು ಮನೆಯಲ್ಲೇ ಇತ್ತು. ಇಂಜಿನ್ನಿನ ಮೈಗೂ ಅದರ ಹೆಡ್ಡಿಗೂ, ಅಂದರೆ ತಲೆಗೂ, ನಡುವೆ ಹಾಕುವ ತಗಡು ಅದು. ಅದರ ತೂತುಗಳಿಂದಲೇ ತಣ್ಣೀರು ತಲೆಗೆ ಏರಬೇಕು.

ತೂತು ನೋಡಿದೆ. ಇಂಜಿನ್ನಿಗೆ ನೀರು ತಳ್ಳುವ ಪಂಪಿನ ಕಡೆಯವು ಕಡಲೆಕಾಳಿನಷ್ಟು, ಆಚೆ ತುದಿಯವು ನಾಲ್ಕಾಣೆ ನಾಣ್ಯದಷ್ಟು. ಇದೆಂಥ ಪಕ್ಷಪಾತ! ಕತ್ತರಿ ಹಿಡಿದೆ.

"ಅದಕ್ಕ ಕತ್ತರಿ ಯಾಕ್ರಿ?" ಗುರವ್ವ ಓಡಿಬಂದಳು.

"ತೂತು ದೊಡ್ಡದಾದ್ರ ನೀರು ಹೆಚ್ಚು, ನೀರು ಹೆಚ್ಚಾದ್ರ ತಂಪು ಹೆಚ್ಚು. ಇದು ವಿಜ್ಞಾನ!"

"ಮೂರು ದಿನ ತಡೀರಿ. ರಜಾಕಣ್ಣ ಬರ್ಲಿ."

"ರಜಾಕ ಎಷ್ಟನೇತ್ತ ಸಾಲಿ ಕಲ್ತಾನ?"

ಅವಳು ಸೆರಗು ಕೊಡವಿ ಒಳಗೆ ನಡೆದಳು. ಗೆದ್ದೆ ಅಂದುಕೊಂಡು ಸಣ್ಣ ತೂತುಗಳನ್ನೆಲ್ಲ ಅಗಲಕ್ಕೆ ಕತ್ತರಿಸಿ ಗ್ಯಾಸ್ಕೆಟ್ಟು ಕೂಡಿಸಿದೆ.

ಮರುದಿನ ಹಬ್ಬದ ಹಿಟ್ಟಿಗಾಗಿ ಹೆಂಗಸರ ಸಾಲು ಬೀದಿಯವರೆಗೆ ನಿಂತಿತ್ತು. ಇಂಜಿನ್ನು ಹ್ಯಾಂಡಲಿನ ಒಂದೇ ಸುತ್ತಿಗೆ ಶುರುವಾಯಿತು! ಪಂಪಿನ ಕಡೆ ಕೈಯಿಟ್ಟು, "ನೋಡ್ರಿ, ಮಂಜಿನಷ್ಟ ತಂಪು!" ಎಂದು ಭಾಷಣ ಬಿಗಿದೆ. ಆಚೆ ತುದಿ ಮುಟ್ಟಲಿಲ್ಲ. ಅರ್ಧ ತಾಸಿಗೆ ಸುಟ್ಟ ವಾಸನೆ. ಆಮೇಲೆ 'ಟಪ್!' ಹಬೆ ಮೇಲಕ್ಕೆ, ನಾನು ಹೊರಕ್ಕೆ!

ಹೆಡ್ಡು ಬೆರಳುದ್ದ ಸೀಳಿತ್ತು.

ಸಾಲಿನ ಮುಂದಿದ್ದ ಶಮ್ಶುನ್ನೀಸಾ ಬುಟ್ಟಿ ಚಾಚಿದಳು. "ಮಾಸ್ತರ್ರ, ನನ್ನ ಜ್ವಾಳ ಅರ್ಧ ಹಿಟ್ಟಾಗೇತಿ, ಅರ್ಧ ಕಾಳಾಗೇ ಐತಿ. ಇದ್ರಾಗ ನಿಮ್ಮ ವಿಜ್ಞಾನ ಯಾವುದ್ರಿ?"

ಯಾರೂ ನಗಲಿಲ್ಲ. ಒಬ್ಬೊಬ್ಬರೇ ಬುಟ್ಟಿ ಎತ್ತಿಕೊಂಡು ಕೆಳಗಿನ ಓಣಿಯ ಗಿರಣಿಗೆ ನಡೆದರು. ಗುರವ್ವ ಕಲ್ಲಿನ ಮೇಲಿನ ಹಿಟ್ಟು ಬಳಿದು, ಬಾಗಿಲು ಎಳೆದು, ಹೊಸ್ತಿಲಲ್ಲಿ ಕೂತಳು. ಅವಳಪ್ಪ ತೀರಿಕೊಂಡಾಗ ಒಂದೇ ದಿನ ನಿಂತಿದ್ದ ಗಿರಣಿ, ಅಳಿಯನ ವಿದ್ಯೆಯಿಂದ ಹನ್ನೊಂದು ದಿನ ನಿಂತಿತು! ಅಷ್ಟೂ ದಿನ ಅವಳು ನನ್ನ ತಾಟಿಗೆ ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ. ನಾನು ನಾಚಿಕೆಯಿಲ್ಲದೆ ತಿಂದೆ.

ಲಗ್ನ ಮುಗಿಸಿ ಬಂದ ರಜಾಕ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದ.

"ಪಂಪಿನ ಕಡಿ ತೂತು ಬೇಕಂತಲೇ ಸಣ್ಣ ಇಟ್ಟಿರ್ತಾರ್ರಿ ಮಾಸ್ತರ್ರ. ನೀರು ಅಲ್ಲೇ ಮ್ಯಾಲೇರದೆ ಆಚಿ ತುದೀತನಾ ಹೋಗ್ಲಿ ಅಂತ. ನೀವು ಅದನ್ನ ಅಗಲ ಮಾಡಿದ್ರಿ, ನೀರು ಹತ್ತಿರದ ದಾರಿ ಹಿಡೀತು. ಆಚಿ ತುದಿ ನೀರಿಲ್ದೆ ಕಾದು ಹೆಡ್ಡು ಸೀಳೈತಿ."

"ಮೊದಲೇ ಹೇಳಬೇಕಿತ್ತಪಾ!"

"ಕೇಳಿದ್ರ ಹೇಳ್ತಿದ್ದೆ."

ಅವನೇ ಸೊಲ್ಲಾಪುರಕ್ಕೆ ಹೋಗಿ ಬೇರೆ ಹೆಡ್ಡು ತಂದು ಕೂಡಿಸಿದ. ಹನ್ನೆರಡನೇ ದಿನ ಗಿರಣಿ ಗುಡುಗಿತು. ನಾನು ಕೋಟು ತೊಟ್ಟು ಶಾಲೆಗೆ ಹೊರಟಿದ್ದೆ. ಗುರವ್ವ ಹಿಂದಿನಿಂದ, "ಸ್ವಲ್ಪ ನಿಲ್ರಿ" ಅಂದಳು. ಅಂತೂ ಕ್ಷಮಿಸಿದಳು! ನಗುತ್ತಾ ತಿರುಗಿದೆ.

"ಇಂಜಿನ್ನಿಗೇನೋ ಬ್ಯಾರೆ ತಲಿ ಸೊಲ್ಲಾಪುರದಾಗ ಸಿಕ್ತು," ಅಂದಳು. "ನಿಮ್ಮ ಸಾಲಿ ಹುಡುಗರಿಗೆ ಎಲ್ಲಿ ಸಿಗತೈತ್ರಿ?"