ಹತ್ತೊಂಬತ್ತರ ಗಾಡಿಯೇ ಆಗಬೇಕು!

ಅಚ್ಚುಕೂಟದಲ್ಲಿ ಕರಡು ತಿದ್ದುವ ರಾಯರಿಗೆ ತಪ್ಪು ಹುಡುಕುವುದೆಂದರೆ ಊಟ ಬಿಟ್ಟರೂ ಬಿಡಲಾಗದ ಚಟ. ನರ್ಸ್ ಆಗಿದ್ದ ಹೆಂಡತಿಗೆ ಊರಾಚೆಯ ಆಸ್ಪತ್ರೆಗೆ ವರ್ಗವಾಗಿ, ಮುಂದಿನ ತಿಂಗಳ ಮೊದಲ ಸೋಮವಾರದೊಳಗೆ ಒಂದು ಹಳೆಯ ಚಿಕ್ಕ ಎಸ್‌ಯುವಿ ಬೇಕೇ ಬೇಕೆಂದಾಗ ಆ ಚಟಕ್ಕೆ ಹೊಸ ಕಾರ್ಯಕ್ಷೇತ್ರ ಪ್ರಾಪ್ತವಾಯಿತು. ಮೂರು ವಾರ ಮೆಕ್ಯಾನಿಕ್ಕುಗಳ ತಲೆ ತಿಂದು ರಾಯರು ಮಹಾಶಾಸನ ಹೊರಡಿಸಿದರು: ಎರಡು ಸಾವಿರದ ಹದಿನೇಳರ ಮಾಡೆಲ್ ಗಾಡಿಗೆ ಗೇರ್ ಜಗ್ಗುವ ರೋಗ, ಹದಿನೆಂಟರದು ಮಳೆ ಬಂದರೆ ಒಳಗೂ ಸೋರುತ್ತದೆ, ಇಪ್ಪತ್ತರ ಕ್ಲಚ್ಚು ಅಲ್ಪಾಯುಷಿ. ಹತ್ತೊಂಬತ್ತರದೊಂದೇ ಅಪರಂಜಿ.

"ಇಪ್ಪತ್ತೊಂದರದು?" ಎಂದಳು ಹೆಂಡತಿ.

"ಅದರ ಹಾರ್ನ್ ನಂಗೆ ಹಿಡಿಸ್ಲಿಲ್ಲ ಕಣೇ."

ಭಾನುವಾರ ಹಳೆ ಗಾಡಿ ಮಾರುವ ಜಾಗಕ್ಕೆ ಹೋದರೆ, ಅದೃಷ್ಟ ನೋಡಿ, ಹತ್ತೊಂಬತ್ತರ ಬಿಳಿ ಗಾಡಿ ಒಂದೇ ಒಂದು ನಿಂತಿತ್ತು!

"ರೀ, ಮೊದ್ಲು ಮುಂಗಡ ಕೊಟ್ಬಿಡಿ."

"ಇರೇ, ಎರಡೇ ನಿಮಿಷ."

ಅತ್ತ ನಿವೃತ್ತ ಹೆಡ್‌ಮಿಸ್ ಒಬ್ಬರು ಹದಿನೇಳರ ಕೆಂಪು ಗಾಡಿಯ ಬಾಗಿಲು ತೆಗೆಯುತ್ತಿದ್ದರು. ಕಣ್ಣೆದುರು ತಪ್ಪು ನಡೆಯುವಾಗ ಸುಮ್ಮನಿರುವುದು ರಾಯರ ಜಾತಕದಲ್ಲೇ ಇರಲಿಲ್ಲ.

"ಅಮ್ಮಾ, ಮುಟ್ಬೇಡಿ!" ಎಂದು ಓಡಿದವರು ಬಾನೆಟ್ ಎತ್ತಿಸಿ ಪ್ರವಚನವನ್ನೇ ಶುರುಮಾಡಿದರು. ಗೇರ್ ಹೇಗೆ ಜಗ್ಗುತ್ತದೆಂದು ತಾವೇ ಕತ್ತು ಕುಲುಕಿ ಅಭಿನಯಿಸಿದರು. ಜನ ಸೇರಿ ಚಪ್ಪಾಳೆ ತಟ್ಟಿದರು. (ಅಚ್ಚುಕೂಟದಲ್ಲಿ ಇಪ್ಪತ್ತು ವರ್ಷ ದುಡಿದರೂ ಒಂದು ಚಪ್ಪಾಳೆ ಬಿದ್ದಿರಲಿಲ್ಲ, ಪಾಪ.)

"ಹಾಗಾದ್ರೆ ಯಾವ್ದು ತಗೊಳ್ಲಿ ಸಾರ್?" ಎಂದರು ಹೆಡ್‌ಮಿಸ್.

"ಅಗೋ, ಆ ಬಿಳೀದು! ಹತ್ತೊಂಬತ್ತರದು! ಕಣ್ಮುಚ್ಚಿ ತಗೊಳ್ಳಿ!"

ಹೆಡ್‌ಮಿಸ್ ಕಣ್ಣು ಮುಚ್ಚುವಷ್ಟೂ ತಡಮಾಡಲಿಲ್ಲ. ಮುಂಗಡ ಕೊಟ್ಟು ಬಂದು, "ಪುಣ್ಯಾತ್ಮರು ಕಣ್ರೀ ನೀವು" ಎಂದು ಕೈಮುಗಿದರು.

ಅಲ್ಲಿದ್ದ ಹತ್ತೊಂಬತ್ತರದು ಅದೊಂದೇ ಎಂಬುದು ರಾಯರಿಗೆ ಆಗ ನೆನಪಾಯಿತು. ನಾಳೆಯೇ ಸೋಮವಾರ! ಹೆಂಡತಿಗೆ ಏನೆಂದು ಮುಖ ತೋರಿಸುವುದು? ಆದರೆ ಅವಳು ಕೀ ಕುಣಿಸುತ್ತಾ ನಗುನಗುತ್ತಲೇ ಬಂದಳು.

"ಕೆಂಪುದು ತಗೊಂಡೆ ರೀ. ನಿಮ್ಮ ಭಾಷಣ ಕೇಳಿ ಒಬ್ರೂ ಅದರ ಹತ್ರ ಸುಳೀಲಿಲ್ಲ. ಓನರ್ ಸೋತು, ನಾನು ಕೇಳಿದ ರೇಟಿಗೇ ಕೊಟ್ರು. ಗೇರ್‌ಬಾಕ್ಸ್ ಹೋದ ತಿಂಗಳೇ ಹೊಸದು ಹಾಕ್ಸಿದ್ದಾರಂತೆ, ರಸೀದೀನೂ ನೋಡ್ದೆ. ನೀವು ಕೇಳ್ಲಿಲ್ವಾ?"

"ಹದಿನೇಳರದಾ? ಪ್ರಾಣ ಹೋದ್ರೂ ನಾನದ್ರಲ್ಲಿ ಕೂರಲ್ಲ!" ರಾಯರಿಗೆ ಈಗ ಉಳಿದಿದ್ದು ಮಾನವೊಂದೇ.

"ಗೊತ್ತಿತ್ತು. ಅದಕ್ಕೇ ಬಸ್‌ಸ್ಟಾಪ್ ಎಲ್ಲಿದೆ ಅಂತಾನೂ ಕೇಳ್ಕೊಂಡೇ ಬಂದೆ. ಎಡಕ್ಕೆ ತಿರುಗಿ ನೇರ ಹೋಗಿ."

ಕೆಂಪು ಗಾಡಿ ಒಂದಿಷ್ಟೂ ಜಗ್ಗದೆ ಗೇಟು ದಾಟಿತು. ರಾಯರು ಎಡಕ್ಕೆ ತಿರುಗಿದರು.