ಅವಲಂಬಿತೆಯ ಸೊನ್ನೆ

ನಡೆದದ್ದು ಇಷ್ಟೇ: ನನ್ನ ಆಪರೇಷನ್ನಿನ ಬಿಲ್ಲನ್ನು ತಡೆದದ್ದು ಸರ್ಕಾರ ಅಲ್ಲ, ನನ್ನ ಬಾಯಿ. ಊರವರು ಆಫೀಸಿನವರನ್ನು ಬೈಯುತ್ತಾರೆ. ಬೈಯಲಿ, ಅವರಿಗೂ ಹೊತ್ತು ಹೋಗಬೇಕಲ್ಲ! ತಪ್ಪು ನನ್ನದು. ಆದರೆ ಅದು ನಿಮಗೆ ಅರ್ಥವಾಗಬೇಕಾದರೆ ಮೊದಲು ನನ್ನ ಮಗ ಎಂಥವನೆಂದು ಗೊತ್ತಾಗಬೇಕು. ಕಾಗದವನ್ನು ಅವನಷ್ಟು ಹಚ್ಚಿಕೊಂಡ ಜೀವ ಕೊಡಗಿನಲ್ಲಿ ಇನ್ನೊಂದಿದ್ದರೆ ಅದು ಗೆದ್ದಲು!

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಹೆಸರು ಬರೆಯುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಇದನ್ನೂ ನಾನು ಹೇಳುತ್ತಿದ್ದೇನೆ, ಸೊಸೆ ಬರೆಯುತ್ತಿದ್ದಾಳೆ. ಮಗ ಮಾತ್ರ ಮಡಿಕೇರಿಯಲ್ಲಿ ಸರ್ಕಾರಿ ಗುಮಾಸ್ತ. ಖಾಸಗಿ ಆಸ್ಪತ್ರೆಯಲ್ಲಿ ತಮಗೋ ಮನೆಯವರಿಗೋ ಚಿಕಿತ್ಸೆ ಮಾಡಿಸಿದ ನೌಕರರು ಖರ್ಚು ವಾಪಸು ಕೊಡಿ ಎಂದು ಹಾಕುವ ಅರ್ಜಿಗಳು ಅವನ ಮೇಜಿಗೆ ಬರುತ್ತವೆ. ಬರುತ್ತವೆ, ಬಂದ ಹಾಗೇ ಹೋಗುತ್ತವೆ. ಡಾಕ್ಟರ ಸೀಲು ಮಸುಕಾಗಿದ್ದರೆ ವಾಪಸು. ತಾರೀಖಿನ ಮೇಲೆ ಗೀಚಿದ್ದರೆ ವಾಪಸು. ಅಕ್ಷರದ ಪಕ್ಕದ ಸೊನ್ನೆ ಬಿಟ್ಟುಹೋಗಿದ್ದರೂ ವಾಪಸು! ಒಬ್ಬರು ಮೇಷ್ಟ್ರು ಗೋಗರೆದರಂತೆ: "ಮಾರಾಯ, ಸೊನ್ನೆ ಬಿಟ್ಟುಹೋದ್ರೆ ನನ್ನ ಹರ್ನಿಯಾ ಇಲ್ಲ ಅಂತಾಗ್ತದಾ?"

"ಹರ್ನಿಯಾ ಉಂಟು ಮೇಷ್ಟ್ರೇ. ದಾಖಲೆ ಇಲ್ಲ."

ಮನೆಯಲ್ಲೂ ಇದೇ ಕಥೆ. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು. ನೆಂಟರು ಕೊಟ್ಟ ಮದುವೆ ಕಾಗದದಲ್ಲಿ ತಾರೀಖಿಗೂ ವಾರಕ್ಕೂ ತಾಳೆಯಾಗುತ್ತಿಲ್ಲ ಎಂದು ಗುರುತು ಹಾಕಿ ಅವರ ಕೈಗೇ ಹಿಂದಿರುಗಿಸಿದ. ಆ ಮದುವೆಯಲ್ಲಿ ನಮಗೆ ಊಟ ಸಿಕ್ಕಿದ್ದು ಕೊನೆಯ ಪಂಕ್ತಿಯಲ್ಲಿ, ಅದೂ ಪಾಯಸ ಮುಗಿದ ಮೇಲೆ!

ಹೋದ ಮಳೆಗಾಲದಲ್ಲಿ ನನ್ನ ಪಿತ್ತಕೋಶದ ಕಲ್ಲು ಎದ್ದು ಕುಣಿಯಿತು. ನಮ್ಮೂರು ಅಮ್ಮತ್ತಿಯಿಂದ ಜೀಪಿನಲ್ಲಿ ಹಾಕಿಕೊಂಡು ಮೈಸೂರಿನ ಖಾಸಗಿ ಆಸ್ಪತ್ರೆಗೆ ಒಯ್ದರು. ನನ್ನನ್ನು ಸ್ಟ್ರೆಚರಿನಲ್ಲಿ ತಳ್ಳುತ್ತಿದ್ದರೆ ಮಗ ಪಕ್ಕದಲ್ಲಿ ಓಡುತ್ತಾ ಡಾಕ್ಟರಿಗೆ ಹೇಳುತ್ತಿದ್ದ: "ಸಾರ್, 'ತುರ್ತು' ಅಂತ ಬರೀರಿ. ಸೀಲು ಅಕ್ಷರದ ಮೇಲೆ ಹತ್ತಬಾರದು."

"ರೀ, ಮೊದಲು ನಿಮ್ಮ ತಾಯೀನ ಉಳಿಸ್ಲಾ, ಸೀಲು ಹಾಕ್ಲಾ?"

ಮಗ ಒಂದು ಗಳಿಗೆ ಯೋಚಿಸಿದ! ಆ ನೋವಿನಲ್ಲೂ ನಾನು ಕಣ್ಣಾರೆ ನೋಡಿದೆ. ಕಲ್ಲು ಹೊರಗೆ ಬಂದ ಮೇಲೆ ಅದನ್ನೂ ಒಂದು ಡಬ್ಬಿಯಲ್ಲಿ ಹಾಕಿಸಿಕೊಂಡ.

"ಇದ್ಯಾಕೋ?"

"ಅಸಲು ದಾಖಲೆ ಅವ್ವ."

ಆಸ್ಪತ್ರೆಗೆ ಕಟ್ಟಿದ್ದು ಸೊಸೆಯ ಬಳೆ ಅಡವಿಟ್ಟ ದುಡ್ಡು. ಬಿಲ್ಲು ಪಾಸಾದರೆ ಬಳೆ ಮನೆಗೆ ಬರಬೇಕಿತ್ತು. ತನ್ನ ಅರ್ಜಿಯನ್ನು ತಾನೇ ನೋಡುವಂತಿಲ್ಲವಾದ್ದರಿಂದ ಅದು ಅವನ ಎದುರು ಮೇಜಿನ ಹೆಣ್ಣುಮಗಳ ಕೈಗೆ ಹೋಯಿತು. ಅಷ್ಟರವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ನಾನು ಆಫೀಸಿಗೆ ಹೋದೆ.

ಹೊಲಿಗೆ ತೋರಿಸಲು ಮಡಿಕೇರಿಗೆ ಹೋದವಳು ಮಗನನ್ನೂ ನೋಡಿ ಬರೋಣವೆಂದು ಕಾಲಿಟ್ಟದ್ದು. ಅವನು ಸಾಹೇಬರ ಕೋಣೆಗೆ ಹೋಗಿದ್ದ. ಆ ಹೆಣ್ಣುಮಗಳು ಕುರ್ಚಿ ಕೊಟ್ಟಳು.

"ಬನ್ನಿ ಅಜ್ಜಿ. ನೀವೇ ಅಲ್ವಾ ಅವಲಂಬಿತೆ?"

"ಏನು? ಹಾಗಂದ್ರೆ?"

"ಮಗನ ಆಸರೆಯಲ್ಲಿ ಬದುಕೋರು ಅಂತ. ಅರ್ಜಿಯಲ್ಲಿ ನಿಮ್ಮ ಮಗ ಹಾಗೇ ಬರ್ದಿದ್ದಾರಲ್ಲ."

ಕೋಣೆಯಲ್ಲಿ ಎಂಟು ಜನ. ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಗಂಡ ಸತ್ತ ಮೇಲೆ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಮಾಡಿ ಇವನನ್ನು ಓದಿಸಿದವಳು ನಾನು. ನನಗೆ ಆಸರೆಯಾ?

"ನಾನೇನು ಮರಕ್ಕೆ ಹಬ್ಬೋ ಮೆಣಸಿನ ಬಳ್ಳಿಯಾ? ನಂಗೆ ನಂದೇ ಮೆಣಸುಂಟು! ವರ್ಷಕ್ಕೆ ಹತ್ತು ಚೀಲ! ಗೋಣಿಕೊಪ್ಪದ ವ್ಯಾಪಾರಿ ಬಂದು ಗೇಟಲ್ಲಿ ಕಾದು ನಿಲ್ತಾನೆ. ಇವನಿಗೆ ಈಗಲೂ ಅನ್ನ ಹಾಕೋದು ನಾನೇ!"

ಹಿಂದಿನಿಂದ ಯಾರೋ ನಕ್ಕರು. ಗೆದ್ದೆ ಅಂದುಕೊಂಡೆ. ಆ ಹೆಣ್ಣುಮಗಳು ನಗಲಿಲ್ಲ.

"ಅಜ್ಜಿ, ಯೋಚ್ನೆ ಮಾಡಿ ಹೇಳಿ. ನಾನು ಬರ್ಕೋಬೇಕಾಗ್ತದೆ."

"ಬರ್ಕೊ! ದಪ್ಪ ಅಕ್ಷರದಲ್ಲಿ ಬರ್ಕೊ!"

ಬರೆದುಕೊಂಡಳು. ನಾನು ಕೆಳಗೆ ಠೀವಿಯಿಂದ ರುಜು ಹಾಕಿ ಬಸ್ಸು ಹತ್ತಿದೆ.

ಹತ್ತು ಚೀಲ! ನಮ್ಮ ಹಿತ್ತಿಲಲ್ಲಿ ಇದ್ದದ್ದೇ ಎಂಟು ಬಳ್ಳಿ. ಸೊರಗು ರೋಗ ಬಂದು ಅವೂ ಸತ್ತು ಮೂರು ಮಳೆಗಾಲ ಕಳೆದಿತ್ತು.

ವಾರ ಕಳೆಯಿತು. ಒಂದು ಸಂಜೆ ಮಗ ನೋಟಿಸು ಹಿಡಿದುಕೊಂಡು ಬಂದ. ತಾಯಿಗೆ ಸ್ವಂತ ಆದಾಯವಿರುವುದಾಗಿ ಅವರೇ ಹೇಳಿದ್ದಾರೆ, ನೀವು ಅವರನ್ನು ಅವಲಂಬಿತೆ ಎಂದು ಬರೆದಿದ್ದೀರಿ, ಈ ಸುಳ್ಳಿಗೆ ಸಮಜಾಯಿಷಿ ಕೊಡಿ, ಅಲ್ಲಿಯವರೆಗೆ ಬಿಲ್ಲು ಇಲ್ಲ ಎಂದು ಅದರಲ್ಲಿತ್ತು. ನೋಟಿಸಿನಲ್ಲೇ ಎರಡು ಕಾಗುಣಿತದ ತಪ್ಪುಗಳಿದ್ದವು ಎಂದು ಸೊಸೆ ಆಮೇಲೆ ಹೇಳಿದಳು. ಮಗ ಪೆನ್ಸಿಲು ಮುಟ್ಟಲಿಲ್ಲ. ಕಾಫಿ ಆರಿತು.

"ಇಷ್ಟು ವರ್ಷದಲ್ಲಿ ನಾನೊಂದು ಸುಳ್ಳು ಬರ್ದಿಲ್ಲ ಅವ್ವ," ಅಂದ. ಅಷ್ಟೇ. ಎದ್ದು ಒಳಗೆ ಹೋದ.

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ! ಅವನು ಬೈಯಲಿಲ್ಲ. ಹೊಲಿಗೆ ಉರಿಯಿತು ಎಂದು ಇಲ್ಲಿ ಬರೆಸಬಹುದು, ಆದರೆ ಅದು ಸುಳ್ಳು. ಉರಿದದ್ದು ಮುಖ.

ಸೊಸೆ ಲೋಟ ಎತ್ತುತ್ತಾ ಕೇಳಿದಳು: "ಅತ್ತೆ, ಬಳ್ಳಿ ಸತ್ತದ್ದು ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತೆ?"

"ಎಂಟು ಜನ ಇದ್ರು ಕಣೇ."

ಅವಳು ಲೋಟ ಒಳಗಿಟ್ಟು ಬಂದಳು. "ಆ 'ಅವಲಂಬಿತೆ' ಅನ್ನೋ ಪದ ಬರ್ದು ತೋರ್ಸು," ಅಂದೆ. ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಬರೆದುಕೊಟ್ಟಳು. ಬರೆಯುವ ಕೈಯಲ್ಲಿ ಬಳೆ ಇರಲಿಲ್ಲ. ಹಾಳೆ ತುಂಬುವವರೆಗೆ ನಾನೂ ತಿದ್ದಿದೆ.

ಮಾರನೇ ಬೆಳಿಗ್ಗೆ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನ ಹಿಂದೆಯೇ ಮಡಿಕೇರಿ ಬಸ್ಸು ಹತ್ತಿದೆ. ಅದೇ ಕೋಣೆ, ಅದೇ ಎಂಟು ಜನ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಮಗಳೇ, ಅವತ್ತು ನಾನು ಹೇಳಿದ್ದು ಸುಳ್ಳು. ಮೆಣಸೂ ಇಲ್ಲ, ಬಳ್ಳಿಯೂ ಇಲ್ಲ. ನಾನು ತಿನ್ನೋ ಅನ್ನ ಇವಂದು. ಒಂದು ಕಾಗದ ಕೊಡು."

ನಿಂತುಕೊಂಡೇ ಬರೆದೆ: ನಾನು ನನ್ನ ಮಗನ ಅವಲಬಿತೆ. ಕೆಳಗೆ ರುಜು ಹಾಕಿದೆ.

ಮಗ ಎದ್ದು ಬಂದು ಕಾಗದ ಕೈಗೆ ತೆಗೆದುಕೊಂಡ. ನೋಡಿದ. ಕೈ ತಾನಾಗಿ ಕಿವಿಯ ಪೆನ್ಸಿಲಿಗೆ ಹೋಯಿತು. ಏನೋ ತಪ್ಪಿದೆ ಎಂದು ನನಗೆ ಗೊತ್ತಾಯಿತು.

"ವಾಪಸ್ಸಾ?" ಎಂದೆ.

ಕೈ ಕೆಳಗಿಳಿಯಿತು. "ಇಲ್ಲ ಅವ್ವ. ಸರಿ ಉಂಟು."

ನನಗೆ ಗೊತ್ತಿರುವಂತೆ ಅವನಾಡಿದ ಮೊದಲ ಸುಳ್ಳು ಅದು. ಅದೂ ನನಗಾಗಿ. ಸೊಂಟದಿಂದ ಕ್ಯಾಲೆಂಡರಿನ ಹಾಳೆ ತೆಗೆದು ಅವನ ಮೇಜಿನ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿದೆ. ಸಿಕ್ಕಿತು. ಅವನ ಕೈಯಿಂದ ಕಾಗದ ಕಿತ್ತುಕೊಂಡು 'ಲ' ಪಕ್ಕದಲ್ಲಿ ಸೊನ್ನೆ ಇಟ್ಟೆ.