ಕಾಂಡ್ಲ ಗಿಡಕ್ಕೆ ಉಪ್ಪು

ನಗುವ ವಿಷಯ ನನ್ನನ್ನು ಹುಡುಕಿಕೊಂಡು ಬರುತ್ತದೆ. ನಾನು ಕರೆಯುವುದಿಲ್ಲ. ಹೆಚ್ಚು ಓದಿದವನಲ್ಲ. ಅಬುಧಾಬಿಯಲ್ಲಿ ಸಮುದ್ರದ ಕೆಸರಿನಲ್ಲಿ ಕಾಂಡ್ಲ ಗಿಡ ನೆಡುವುದು ನನ್ನ ಕೆಲಸ. ಉಪ್ಪು ನೀರಿನಲ್ಲೇ ಬೆಳೆದು ವರ್ಷವಿಡೀ ಹಸಿರು ಇರುವ ಗಿಡ ಅದು. ಸಂಜೆ ಬಂದು ಎಲ್ಲ ಹೆಂಡತಿಗೆ ಹೇಳುತ್ತಿದ್ದೆ. ನಗುವ ಕೆಲಸ ಅವಳದ್ದು. ಅವಳು ಹೋಗಿ ಎಂಟು ತಿಂಗಳಾಯಿತು. ಈಗ ಹೇಳಲು ಯಾರೂ ಇಲ್ಲ, ಬರೆಯುತ್ತಿದ್ದೇನೆ.

ದಿನಾ ಲೇಟು

ಮೈಸೂರು ಕಡೆಯ ಹೊಸ ಇಂಜಿನಿಯರ್ ನೀರಿನ ರಿಜಿಸ್ಟರ್ ನೋಡಿದರು.

“ಏನ್ರೀ ಇದು? ಸೋಮವಾರ ಏಳಕ್ಕೆ ನೀರು. ಮಂಗಳವಾರ ಏಳೂಮುಕ್ಕಾಲು. ಬುಧವಾರ ಎಂಟೂವರೆ. ಯಾರ್ರೀ ನೀರು ಬಿಡೋದು?”

“ಸಮುದ್ರ ಸರ್. ಭರತ ಬಂದು ನೀರು ಏರಿದಾಗ.”

ಅವರು ಸಮುದ್ರ ನೋಡಿದರು. ರಿಜಿಸ್ಟರ್ ಮುಚ್ಚಿದರು. “ಆದ್ರೂ ಒಂದು ಟೈಮ್ ಅಂತ ಇರ್ಬೇಕು” ಅಂದರು.

ಹೆಂಡತಿ ನಕ್ಕು ನಕ್ಕು ಅನ್ನ ತಳ ಹಿಡಿಯಿತು. “ಸಮುದ್ರಕ್ಕೆ ವಾರ್ನಿಂಗ್ ಲೆಟರ್ ಕೊಟ್ರಾ?”

ಬಕೆಟ್

ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ಫ್ಲಾಟಿನ ರೂಮು ನಮ್ಮದು. ಪಕ್ಕದ ರೂಮಿನಲ್ಲಿ ಮಂಗಳೂರಿನ ಬಾಯಮ್ಮ, ಆಸ್ಪತ್ರೆ ಕೆಲಸದವರು. ಬಿಸಾಡುವ ಒಂದು ಸೊಟ್ಟ ಸಸಿಯನ್ನು ಹೆಂಡತಿ ಕೇಳಿ ತರಿಸಿದಳು. ಪೇಂಟ್ ಬಕೆಟಿನಲ್ಲಿ ನೆಟ್ಟು ಬಾಲ್ಕನಿಯಲ್ಲಿ ನೀರು ತೊಟ್ಟಿಕ್ಕುವ ಎಸಿ ಪೈಪಿನ ಕೆಳಗೆ ಇಟ್ಟಳು. ದೊಡ್ಡದಾದ ಮೇಲೆ ಸಮುದ್ರಕ್ಕೆ ಬಿಡಬೇಕು ಅಂತ ಅವಳ ಆಸೆ. ಸಿಹಿ ನೀರಿನಲ್ಲಿ ಬೆಳೆದದ್ದು ಒಮ್ಮೆಲೇ ಸಮುದ್ರಕ್ಕೆ ಹೋದರೆ ಬಾಡುತ್ತದೆ. ಅದಕ್ಕೆ ದಿನಾ ಚೂರು ಉಪ್ಪು ಹಾಕಿ, ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡುತ್ತಿದ್ದಳು.

ಬಾಯಮ್ಮ ಕಂಡರು. “ಎಂತ ಮಾರಾಯ್ತಿ, ಎಸಿ ನೀರು ಕುಡಿಯುದಾ?”

“ಇಲ್ಲ ಬಾಯಮ್ಮ, ಉಪ್ಪು ನೋಡುದು.”

“ನಿನ್ನೆ ನೀನು ಕೊಟ್ಟ ಸಾರಿಗೆ ಉಪ್ಪೇ ಇರ್ಲಿಲ್ಲ. ಅದನ್ನು ಯಾರು ನೋಡುದು?”

ಚಿಟಿಕೆ

ಆಸ್ಪತ್ರೆಯಲ್ಲಿ ಅವಳು ಕಡೆಗೆ ಹೇಳಿದ್ದು ದೊಡ್ಡ ಮಾತೇನಲ್ಲ. “ಉಪ್ಪು ನೋಡಿ ಹಾಕಿ.” ಎಷ್ಟು ಅಂತ ಕೇಳಿದೆ. “ಒಂದು ಚಿಟಿಕೆ.” ಅವಳ ಬೆರಳು ಸಪೂರ. ನನ್ನದು ಹಾರೆ ಹಿಡಿದ ಬೆರಳು. ವಾರದಲ್ಲಿ ನಾಲ್ಕು ಎಲೆ ಉದುರಿತು. ಹೆದರಿದೆ. ಆಮೇಲೆ ನಾನೂ ನಾಲಿಗೆಗೆ ಇಟ್ಟು ನೋಡಲು ಕಲಿತೆ. ಹೊಸ ಎಲೆ ಬಂತು.

ಒಂದು ದಿನ ಬಾಯಮ್ಮ ಮೀನು ತಂದುಕೊಟ್ಟು, ನನ್ನ ಗಂಜಿ ಒಂದು ಚಮಚ ಬಾಯಿಗೆ ಹಾಕಿದರು. ಮುಖ ಹಿಂಡಿದರು. “ಗಿಡಕ್ಕೆ ಉಂಟು, ಗಂಜಿಗಿಲ್ಲ. ನೀವೂ ಅವಳ ಹಾಗೇ ಆದ್ರಲ್ಲ!” ನಗಲು ಹೋಗಿ ಅತ್ತರು. ಗಂಜಿಗೆ ಉಪ್ಪು ಸೇರಿದ್ದು ಆಗ.

ಬೆಲ್ಟು

ಬಾಲ್ಕನಿ ಖಾಲಿ ಮಾಡಿ ಅಂತ ಬಿಲ್ಡಿಂಗಿನ ವಾಚ್‌ಮನ್ ನೋಟಿಸು ಅಂಟಿಸಿದ. ಗಿಡ ಸೊಂಟದವರೆಗೆ ಬಂದಿತ್ತು. ಟ್ಯಾಕ್ಸಿ ಹಿಡಿದೆ. ಬಕೆಟ್ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಕಾರು ಕೀಂ ಕೀಂ ಅಂತ ಕೂಗಿತು.

ಡ್ರೈವರ್ ಹಿಂದಿಯಲ್ಲಿ ಹೇಳಿದ, “ಚಾಚಾ, ಅದಕ್ಕೆ ಬೆಲ್ಟ್ ಹಾಕಿ.”

ಹಾಕಿದೆ. ಬೆಲ್ಟ್ ಹಾಕು ಅಂದರೆ ಹೆಂಡತಿ ದಾರಿಯಿಡೀ ಜಗಳ ಮಾಡುತ್ತಿದ್ದಳು. ಬಕೆಟ್ ಒಂದು ಮಾತೂ ಆಡಲಿಲ್ಲ.

ಸಮುದ್ರದ ರುಚಿ

ಕೆಸರಿನಲ್ಲಿ ಗುಂಡಿ ತೋಡಿ ಅವಳ ಗಿಡ ನೆಟ್ಟೆ. ನೀರಿಗೆ ಕಾದೆ. ಅವತ್ತೂ ತಡವಾಗಿಯೇ ಬಂತು. ಬುಡಕ್ಕೆ ಮುಟ್ಟಿತು. ನನಗೇ ಗೊತ್ತಿಲ್ಲದೆ ಬಗ್ಗಿ, ಬೆರಳು ಅದ್ದಿ ನಾಲಿಗೆಗೆ ಇಟ್ಟೆ.

ಹಿಂದೆ ಇಂಜಿನಿಯರ್ ನಿಂತಿದ್ದರು. “ಏನ್ರೀ ಮಾಡ್ತಿದ್ದೀರ?”

“ಉಪ್ಪು ನೋಡ್ತಿದ್ದೇನೆ ಸರ್.”

“ಸಮುದ್ರದ್ದಾ?”

“ಹೌದು ಸರ್.”

ಅವರು ಗಿಡ ನೋಡಿದರು, ಖಾಲಿ ಬಕೆಟ್ ನೋಡಿದರು. ಆಮೇಲೆ ಮೆಲ್ಲ ಕೇಳಿದರು, “ಸರಿಯಾಗಿದೆಯಾ?”

“ಸ್ವಲ್ಪ ಜಾಸ್ತಿ ಸರ್” ಅಂದೆ. “ನಮ್ಮವಳು ಇಷ್ಟು ಹಾಕುತ್ತಿರಲಿಲ್ಲ.”